ಮನೆಯವರ ಹೃದಯದ ಮಾತ್ರೆಯು ಮನೆಯ ನಾಯಿಗೆ ಸಲ್ಲುವುದೇ?

ಹೊಲ, ತೋಟ, ಕಣ, ಕುರಿಹಟ್ಟಿಗಳ ಕಾವಲಿಗೆ ನಾಯಿಯನ್ನು ಸಾಕದ ಜಮೀನುದಾರರು ನಮ್ಮ ನಾಡಿನಲ್ಲಿ ವಿರಳ. ಹಂದಿಯ ಹಿಂಡು ಜೋಳದ ಹೊಲಕ್ಕೆ ನುಗ್ಗಿದಾಗ ಮೊದಲು ಕೂಗುವುದು ನಾಯಿ. ರಾತ್ರಿಯ ಹೊತ್ತು ಕೊಟ್ಟಿಗೆಯ ಬಳಿ ಚಿರತೆಯ ಸುಳಿವು ಹತ್ತಿದಾಗ ಮನೆಯವರನ್ನು ಎಬ್ಬಿಸುವುದೂ ನಾಯಿಯೇ. ಇಂತಹ ಪ್ರಾಣಿಯು ಎಂಟು ಹತ್ತು ವರ್ಷ ದುಡಿದು ಮುದಿಯಾಗಿ, ಕೆಮ್ಮುತ್ತ ಏದುತ್ತ ಜಗಲಿಯ ಮೂಲೆಯಲ್ಲಿ ಮಲಗಿದಾಗ, ಸಾಕಿದವರ ಮನಸ್ಸು ಕರಗುವುದು ಸಹಜ. ಇತ್ತ, ರಕ್ತದ ಒತ್ತಡಕ್ಕೋ ಹೃದಯದ ಬೇನೆಗೋ ದಿನಂಪ್ರತಿ ಮಾತ್ರೆ ನುಂಗುವ ಹಿರಿಯರು ಈಗ ಹಳ್ಳಿಯ ಮನೆಮನೆಯಲ್ಲಿಯೂ ಇದ್ದಾರೆ. "ನನಗೆ ಗುಣ ಕೊಟ್ಟ ಮಾತ್ರೆ ಇದಕ್ಕೂ ಕೊಡದೆ ಇದ್ದೀತೇ? ಅರ್ಧ ಮಾಡಿ ಮುದ್ದೆಯಲ್ಲಿ ಇಟ್ಟು ಕೊಡೋಣ" ಎಂಬ ಯೋಚನೆಯು ಹುಟ್ಟುವುದು ಇಂತಹ ಮನೆಗಳಲ್ಲಿಯೇ. ಆ ಯೋಚನೆಯ ಹಿಂದೆ ಇರುವುದು ದಯೆಯೇ ಸರಿ. ಆದರೆ ಅರಿವಿಲ್ಲದ ದಯೆಯಿಂದ ನಾಯಿಯ ಪ್ರಾಣಕ್ಕೇ ಕುತ್ತು ಬರಬಹುದಾದುದರಿಂದ, ಈ ವಿಷಯದಲ್ಲಿ ಸಾಕುವವರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಔಷಧವು ಒಂದೇ, ಶರೀರವು ಬೇರೆ

ಮನುಷ್ಯರ ಹೃದಯದ ಔಷಧಗಳೆಲ್ಲವೂ ನಾಯಿಗೆ ವಿಷವೆಂದು ಹೇಳುವುದು ಸತ್ಯವಲ್ಲ. ಪಶುವೈದ್ಯರು ನಾಯಿಗಳ ಹೃದ್ರೋಗಕ್ಕೂ ರಕ್ತದ ಒತ್ತಡಕ್ಕೂ ಬಳಸುವ ಎನಾಲಾಪ್ರಿಲ್, ಫ್ಯೂರೋಸಮೈಡ್, ಸ್ಪೈರೊನೊಲ್ಯಾಕ್ಟೋನ್, ಅಮ್ಲೋಡಿಪಿನ್, ಡಿಗಾಕ್ಸಿನ್ ಮೊದಲಾದವುಗಳು ಮನುಷ್ಯರಿಗೂ ಕೊಡುವ ಔಷಧಗಳೇ ಆಗಿವೆ. ರಕ್ತದ ಒತ್ತಡದ ವಿಷಯದಲ್ಲಿ ಮನುಷ್ಯರ ವೈದ್ಯಶಾಸ್ತ್ರವು ನಾಯಿಗೆ ಋಣಿಯಾಗಿದೆ ಎಂದರೂ ತಪ್ಪಾಗದು. ಅಮೆರಿಕ ದೇಶದ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ವಿಜ್ಞಾನಿಯು ನಾಯಿಗಳ ಮೂತ್ರಪಿಂಡಕ್ಕೆ ರಕ್ತವನ್ನು ಒಯ್ಯುವ ನಾಳವನ್ನು ಕಿರಿದುಗೊಳಿಸಿದರೆ ರಕ್ತದ ಒತ್ತಡವು ಏರುವುದೆಂದು ೧೯೩೪ರಲ್ಲಿ ತೋರಿಸಿಕೊಟ್ಟನು. ಮೂತ್ರಪಿಂಡಕ್ಕೂ ಒತ್ತಡಕ್ಕೂ ಇರುವ ಸಂಬಂಧವು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಅಪಾಯವೆಲ್ಲಿದೆ? ಮೂರು ಕಡೆಗಳಲ್ಲಿದೆ. ಮೊದಲನೆಯದು ಪ್ರಮಾಣದಲ್ಲಿ, ಎರಡನೆಯದು ರೋಗವನ್ನು ಗುರುತಿಸುವುದರಲ್ಲಿ, ಮೂರನೆಯದು ಒಂದು ಔಷಧವು ಮತ್ತೊಂದರೊಡನೆ ಕೂಡುವುದರಲ್ಲಿ. ಇವುಗಳನ್ನು ಒಂದೊಂದಾಗಿ ವಿಚಾರಿಸಬಹುದು.

ಪ್ರಮಾಣದ ಲೆಕ್ಕ

ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನು ೧೦ ಮಿಲಿಗ್ರಾಂ ಅಮ್ಲೋಡಿಪಿನ್ ಮಾತ್ರೆಯನ್ನು ನುಂಗಿದರೆ, ಶರೀರದ ಒಂದೊಂದು ಕಿಲೋಗ್ರಾಂ ತೂಕಕ್ಕೆ ಒಂದು ಮಿಲಿಗ್ರಾಂನ ಆರನೆಯ ಒಂದು ಪಾಲು ಔಷಧವು ಸೇರಿದಂತಾಯಿತು. ಅದೇ ಮಾತ್ರೆಯನ್ನು ಹನ್ನೆರಡು ಕಿಲೋಗ್ರಾಂ ತೂಗುವ ಊರನಾಯಿಯು ನುಂಗಿದರೆ, ಅದರ ಶರೀರಕ್ಕೆ ಐದು ಪಾಲು ಹೆಚ್ಚು ಬಿದ್ದಂತಾಗುತ್ತದೆ. ಪಟ್ಟಣದಿಂದ ತಂದು ಮಕ್ಕಳು ಮುದ್ದಿನಿಂದ ಸಾಕುವ ನಾಲ್ಕು ಕಿಲೋಗ್ರಾಂ ತೂಕದ ಪುಟ್ಟ ನಾಯಿಗಾದರೋ ಹದಿನೈದು ಪಾಲಾಗುವುದು. ಒಬ್ಬ ಮನುಷ್ಯನು ಒಮ್ಮೆಗೇ ಹದಿನೈದು ಮಾತ್ರೆಗಳನ್ನು ನುಂಗಿದರೆ ಏನಾದೀತೆಂದು ಯೋಚಿಸಿದರೆ, "ಒಂದೇ ಒಂದು ಮಾತ್ರೆ" ಎಂಬ ಮಾತಿನ ಭಾರವು ತಿಳಿಯುತ್ತದೆ.

ಆದರೆ ತೂಕದ ತ್ರೈರಾಶಿಯಿಂದ ಎಲ್ಲವೂ ಸರಿಹೋಗುವುದೆಂದು ಭಾವಿಸಕೂಡದು. ನಾಯಿಯ ಶರೀರವು ಕೆಲವು ಔಷಧಗಳನ್ನು ಮನುಷ್ಯರಿಗಿಂತ ಬೇಗನೆ ಕರಗಿಸಿ ಹೊರಹಾಕುತ್ತದೆ; ಕೆಲವನ್ನು ಬಹು ನಿಧಾನವಾಗಿ ಹೊರಹಾಕುತ್ತದೆ. ಗಂಟಲಗ್ರಂಥಿಯ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಎಂಬ ಔಷಧವು ತೂಕಕ್ಕೆ ಹೋಲಿಸಿದರೆ ಮನುಷ್ಯರಿಗಿಂತ ನಾಯಿಗೆ ಹತ್ತು ಪಾಲಿಗಿಂತಲೂ ಹೆಚ್ಚು ಬೇಕಾಗುವುದು. ಅದಕ್ಕೆ ವಿರುದ್ಧವಾಗಿ, ಮನುಷ್ಯರು ಮೈಕೈ ನೋವಿಗೆ ನುಂಗುವ ಐಬುಪ್ರೊಫೇನ್ ಮಾತ್ರೆಯು ನಾಯಿಯ ಜಠರದಲ್ಲಿ ಹುಣ್ಣನ್ನುಂಟುಮಾಡಿ, ಪ್ರಮಾಣ ಹೆಚ್ಚಿದರೆ ಮೂತ್ರಪಿಂಡಗಳನ್ನೂ ಕೆಡಿಸುವುದು. ಆದುದರಿಂದ ಯಾವ ಔಷಧವು ಯಾವ ಪ್ರಮಾಣದಲ್ಲಿ, ದಿನಕ್ಕೆ ಎಷ್ಟು ಬಾರಿ ಎಂಬುದನ್ನು ಊಹೆಯಿಂದ ನಿರ್ಣಯಿಸಲಾಗದು. ನಾಯಿಯನ್ನು ತೂಗಿ, ಪರೀಕ್ಷಿಸಿ, ಪಶುವೈದ್ಯರೇ ಹೇಳತಕ್ಕದ್ದು.

ಕೆಮ್ಮಿದ ನಾಯಿಗೆಲ್ಲ ಹೃದ್ರೋಗವಲ್ಲ

ಮನುಷ್ಯರಲ್ಲಿ ರಕ್ತದ ಒತ್ತಡವು ಹೆಚ್ಚಾಗಿ ತಾನೇ ತಾನಾಗಿ, ಬೇರೆ ಕಾಯಿಲೆಯ ಸಹಾಯವಿಲ್ಲದೆ ಕಾಣಿಸಿಕೊಳ್ಳುತ್ತದೆ. ನಾಯಿಗಳಲ್ಲಿ ಹಾಗಲ್ಲ. ನಾಯಿಗೆ ಒತ್ತಡವು ಏರಿದೆಯೆಂದರೆ ಅದರ ಹಿಂದೆ ಮೂತ್ರಪಿಂಡದ ರೋಗವೋ, ಸಕ್ಕರೆಯ ಕಾಯಿಲೆಯೋ, ಮೂತ್ರಪಿಂಡದ ನೆತ್ತಿಯ ಮೇಲಿರುವ ಗ್ರಂಥಿಯ ದೋಷವೋ ಇರುವುದೇ ಹೆಚ್ಚು. ಮೂಲರೋಗವನ್ನು ಬಿಟ್ಟು ಒತ್ತಡವನ್ನು ಮಾತ್ರ ಇಳಿಸಲು ಹೊರಟರೆ, ಬೇರನ್ನು ಬಿಟ್ಟು ಎಲೆಗೆ ನೀರೆರೆದಂತಾಗುವುದು.

ಮೇಲಿನ ಒತ್ತಡವು ಪಾದರಸದ ೧೪೦ ಮಿಲಿಮೀಟರಿಗಿಂತ ಕಡಿಮೆಯಿದ್ದರೆ ನಾಯಿಗೆ ಸಹಜವೆಂದೂ, ೧೬೦ನ್ನು ಮುಟ್ಟಿದರೆ ಹೆಚ್ಚೆಂದೂ, ೧೮೦ನ್ನು ಮುಟ್ಟಿದರೆ ಕಣ್ಣು, ಮೆದುಳು, ಹೃದಯ, ಮೂತ್ರಪಿಂಡಗಳಿಗೆ ತೀವ್ರ ಅಪಾಯವೆಂದೂ ಪಶುವೈದ್ಯಶಾಸ್ತ್ರಜ್ಞರು ೨೦೧೮ರ ನಿರ್ಣಯದಲ್ಲಿ ಗೊತ್ತುಪಡಿಸಿದ್ದಾರೆ. ಚೆನ್ನಾಗಿದ್ದ ನಾಯಿಗೆ ಹಠಾತ್ತನೆ ಕಣ್ಣು ಕಾಣದಾಗುವುದು ಅತಿಯಾದ ಒತ್ತಡದ ಒಂದು ಮುಖ್ಯ ಲಕ್ಷಣ. ಮನುಷ್ಯರ ಒತ್ತಡವನ್ನು ಅಳೆಯುವ ಮನೆಯ ಯಂತ್ರವನ್ನು ನಾಯಿಯ ಕಾಲಿಗೆ ಸುತ್ತಿದರೆ ಬರುವ ಅಂಕಿಯನ್ನು ನಂಬಲಾಗದು. ಕಾಲಿನ ಇಲ್ಲವೆ ಬಾಲದ ಗಾತ್ರಕ್ಕೆ ತಕ್ಕ ಪಟ್ಟಿಯನ್ನು ಕಟ್ಟಿ, ನಾಯಿಯು ಶಾಂತವಾದ ಮೇಲೆ, ಹಲವು ಬಾರಿ ಅಳೆದು, ಮೊದಲನೆಯ ಅಂಕಿಯನ್ನು ಬಿಟ್ಟು ಉಳಿದವುಗಳ ಸರಾಸರಿಯನ್ನು ತೆಗೆಯುವುದು ಸರಿಯಾದ ಕ್ರಮ. ಹೆದರಿದ ನಾಯಿಯಲ್ಲಿ ಒತ್ತಡವು ತಾನಾಗಿಯೇ ಏರಿರುತ್ತದೆ.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ಸಾಕುವವರು ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡುವ ನೀಳಮೈಯ ನಾಯಿಗಳ ಜಾತಿಯಲ್ಲಿ ರಕ್ತದ ಒತ್ತಡವು ಇತರ ನಾಯಿಗಳಿಗಿಂತ ಹತ್ತರಿಂದ ಇಪ್ಪತ್ತು ಮಿಲಿಮೀಟರಿನಷ್ಟು ಹೆಚ್ಚಾಗಿರುವುದು ಸ್ವಭಾವಸಿದ್ಧ. ಮುಧೋಳದ ನಾಯಿಯೂ ಈ ಗುಂಪಿಗೇ ಸೇರಿದುದು. ಆದುದರಿಂದ ಸಾಮಾನ್ಯ ನಾಯಿಯ ಅಳತೆಗೋಲಿನಿಂದ ಅಳೆದು ಇದಕ್ಕೆ ಒತ್ತಡವಿದೆಯೆಂದು ಮಾತ್ರೆ ಕೊಟ್ಟರೆ, ಇಲ್ಲದ ರೋಗಕ್ಕೆ ಔಷಧ ಕೊಟ್ಟಂತಾಗಬಹುದು.

ಇನ್ನು ಹೃದ್ರೋಗದ ಮಾತು. ಸಣ್ಣ ಜಾತಿಯ ಮುದಿನಾಯಿಗಳಲ್ಲಿ ಹೃದಯದ ಎಡಭಾಗದ ಕವಾಟವು ದಪ್ಪವಾಗಿ, ಸರಿಯಾಗಿ ಮುಚ್ಚದೆ ರಕ್ತವು ಹಿಂದಕ್ಕೆ ಸೋರುವುದು ಅತಿ ಸಾಮಾನ್ಯವಾದ ರೋಗ. ಡಾಬರ್‌ಮನ್, ಗ್ರೇಟ್ ಡೇನ್ ಮೊದಲಾದ ದೊಡ್ಡ ಜಾತಿಗಳಲ್ಲಿ ಹೃದಯದ ಮಾಂಸವು ಸಡಿಲವಾಗಿ ಹಿಗ್ಗುವ ರೋಗವು ಹೆಚ್ಚು. ಸೊಳ್ಳೆಯಿಂದ ಹರಡಿ ಹೃದಯದ ಬಲಭಾಗವನ್ನೂ ಶ್ವಾಸಕೋಶದ ರಕ್ತನಾಳಗಳನ್ನೂ ಸೇರುವ ಹುಳುವಿನ ರೋಗವೂ ಉಂಟು. ನಮ್ಮ ದೇಶದ ಈಶಾನ್ಯ ರಾಜ್ಯಗಳಲ್ಲಿ ಅದರ ಕಾಟ ಹೆಚ್ಚು. ಕೆಮ್ಮು, ಏದುಸಿರು, ಸ್ವಲ್ಪ ದೂರ ನಡೆದರೆ ಆಯಾಸ, ಮೂರ್ಛೆ, ಹೊಟ್ಟೆಯಲ್ಲಿ ನೀರು ತುಂಬುವುದು, ಇವು ಹೃದ್ರೋಗದ ಲಕ್ಷಣಗಳು. ಆದರೆ ಉಣ್ಣೆಯಿಂದ ಹತ್ತುವ ಜ್ವರದಲ್ಲಿ ರಕ್ತವು ಕ್ಷೀಣಿಸಿದರೂ ನಾಯಿಯು ಏದುತ್ತದೆ. ಶ್ವಾಸನಾಳದ ಸೋಂಕಿನಲ್ಲಿಯೂ ಕೆಮ್ಮುತ್ತದೆ. ಉಣ್ಣೆಜ್ವರದ ನಾಯಿಗೆ ಒತ್ತಡವನ್ನು ಇಳಿಸುವ ಮಾತ್ರೆಯನ್ನು ಕೊಟ್ಟರೆ, ಮೊದಲೇ ಕುಂದಿದ ಪ್ರಾಣಿಯು ನೆಲಹಿಡಿಯುವುದರಲ್ಲಿ ಸಂದೇಹವಿಲ್ಲ.

ಒಂದೊಂದು ಔಷಧದ ಗುಣದೋಷ

ಎನಾಲಾಪ್ರಿಲ್ ಮತ್ತು ಅದರ ಬಳಗ: ಎನಾಲಾಪ್ರಿಲ್, ಬೆನಜಾಪ್ರಿಲ್, ರಾಮಿಪ್ರಿಲ್ ಮೊದಲಾದವುಗಳು ರಕ್ತನಾಳಗಳನ್ನು ಸಡಿಲಿಸಿ ಹೃದಯದ ಭಾರವನ್ನು ಇಳಿಸುತ್ತವೆ. ಈ ಗುಂಪಿನ ಮೊದಲ ಮಾತ್ರೆಯಾದ ಕ್ಯಾಪ್ಟೊಪ್ರಿಲ್ ೧೯೮೧ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು; ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷವನ್ನು ಪರಿಶೋಧಿಸಿದುದೇ ಅದರ ಹುಟ್ಟಿಗೆ ಕಾರಣ. ಹೃದಯದ ಔಷಧಗಳಲ್ಲಿ ನಾಯಿಗೆ ಇವು ಹೆಚ್ಚು ಸುರಕ್ಷಿತವಾದವು. ಆದರೂ ವಾಂತಿ ಭೇದಿಯಿಂದ ಮೈಯ ನೀರು ಬತ್ತಿರುವ ನಾಯಿಗೂ, ಮೂತ್ರಪಿಂಡವು ಕೆಟ್ಟಿರುವ ನಾಯಿಗೂ ಇವುಗಳಿಂದ ಹಾನಿಯುಂಟು. ಆದುದರಿಂದಲೇ ಪಶುವೈದ್ಯರು ಔಷಧವನ್ನು ಆರಂಭಿಸುವ ಮುನ್ನವೂ ಆಮೇಲೆಯೂ ರಕ್ತಪರೀಕ್ಷೆಯನ್ನು ಮಾಡಿಸುತ್ತಾರೆ.

ಫ್ಯೂರೋಸಮೈಡ್: ಶ್ವಾಸಕೋಶದಲ್ಲಿ ನೀರು ತುಂಬಿದಾಗ ಅದನ್ನು ಮೂತ್ರದ ದಾರಿಯಿಂದ ಹೊರಹಾಕಿ ಪ್ರಾಣವನ್ನು ಉಳಿಸುವ ಔಷಧವಿದು. ಇದನ್ನು ಕೊಡುತ್ತಿರುವ ನಾಯಿಗೆ ಬಾಯಾರಿಕೆ ಹೆಚ್ಚುವುದು. ಮನೆಯೊಳಗೆ ಗಲೀಜು ಮಾಡುವುದೆಂದು ನೀರನ್ನು ತಪ್ಪಿಸಕೂಡದು. ನೀರು ತಪ್ಪಿದರೆ ಮೂತ್ರಪಿಂಡವು ಸೋಲುವುದು.

ಅಮ್ಲೋಡಿಪಿನ್ ಮತ್ತು ಅದರ ಬಳಗ: ಹಳ್ಳಿಯ ಮನೆಗಳಲ್ಲಿ ಬಹಳವಾಗಿ ಕಾಣಸಿಗುವ ಮಾತ್ರೆಯಿದು. ಪಶುವೈದ್ಯರು ಇದನ್ನು ಅಲ್ಪ ಪ್ರಮಾಣದಲ್ಲಿ ನಾಯಿಗೆ ಕೊಡುವುದುಂಟು. ಆದರೆ ಪ್ರಮಾಣವು ಮೀರಿದರೆ ಒತ್ತಡವು ಕುಸಿದು, ನಾಯಿಯು ತೂರಾಡಿ ನೆಲಕ್ಕೆ ಬೀಳುವುದು, ಪ್ರಾಣಹಾನಿಯೂ ಆಗಬಹುದು. ಇದೇ ಬಳಗದ ಡಿಲ್ಟಿಯಾಜೆಮ್, ವೆರಪಮಿಲ್‌ಗಳು ಹೃದಯದ ಬಡಿತವನ್ನು ಅತಿಯಾಗಿ ನಿಧಾನಗೊಳಿಸುತ್ತವೆ. ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವಂತೆ ತಯಾರಿಸಿದ ಮಾತ್ರೆಯಾದರೆ ಕೆಡುಕಿನ ಲಕ್ಷಣಗಳು ಹಲವು ಗಂಟೆ ತಡವಾಗಿ ಕಾಣಿಸಿಕೊಳ್ಳುವುದರಿಂದ, "ಏನೂ ಆಗಲಿಲ್ಲ" ಎಂದು ಸುಮ್ಮನಿರುವುದು ಅಪಾಯಕರ.

ಅಟೆನಲಾಲ್, ಮೆಟೊಪ್ರೊಲಾಲ್, ಪ್ರೊಪ್ರನಲಾಲ್: ಇವು ಹೃದಯದ ವೇಗವನ್ನು ತಗ್ಗಿಸುತ್ತವೆ. ದುರ್ಬಲವಾದ ಹೃದಯವು ವೇಗವಾಗಿ ಬಡಿದೇ ಹೇಗೋ ಶರೀರವನ್ನು ನಡೆಸುತ್ತಿರುವಾಗ, ಆ ವೇಗವನ್ನು ಹಿಡಿದು ನಿಲ್ಲಿಸಿದರೆ ಹೃದಯವು ಪೂರ್ತಿಯಾಗಿ ಸೋಲುವುದು. ರಕ್ತದ ಸಕ್ಕರೆಯು ಇಳಿಯುವುದೂ ಉಂಟು. ವೈದ್ಯರು ಇವುಗಳನ್ನು ಗೊತ್ತುಮಾಡಿದ್ದರೆ, ತಟ್ಟನೆ ನಿಲ್ಲಿಸುವುದೂ ಅಷ್ಟೇ ಕೆಡುಕು.

ಡಿಗಾಕ್ಸಿನ್: ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯನು ೧೭೮೫ರಲ್ಲಿ ಡಿಜಿಟಾಲಿಸ್ ಗಿಡದ ಗುಣವನ್ನು ಕುರಿತು ಗ್ರಂಥವನ್ನು ಬರೆದನು, ಡಿಗಾಕ್ಸಿನ್ ಅದೇ ಗಿಡದ ಬಳಗದಿಂದ ಬಂದುದು. ನಮ್ಮ ಹಿತ್ತಿಲಿನ ಕಣಗಿಲೆಯ ವಿಷವೂ ಹೃದಯದ ಮೇಲೆ ಇದೇ ಬಗೆಯಲ್ಲಿ ಕೆಲಸಮಾಡುತ್ತದೆ. ಕಣಗಿಲೆಯ ಸೊಪ್ಪನ್ನು ಮೇಯ್ದು ಸತ್ತ ದನಕರುಗಳ ಸಂಗತಿಯನ್ನು ಬಲ್ಲವರಿಗೆ, ಈ ಔಷಧದಲ್ಲಿ ಗುಣಕ್ಕೂ ವಿಷಕ್ಕೂ ನಡುವೆ ಎಷ್ಟು ಸಣ್ಣ ಅಂತರವಿದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆಹಾರವನ್ನು ಬಿಡುವುದು, ವಾಂತಿ, ತಾಳತಪ್ಪಿದ ಬಡಿತ, ಇವು ಪ್ರಮಾಣ ಮೀರಿದುದರ ಗುರುತುಗಳು.

ಮಿನಾಕ್ಸಿಡಿಲ್: ಒತ್ತಡಕ್ಕೂ, ಎಣ್ಣೆಯಂತೆ ತಲೆಗೂದಲಿಗೂ ಬಳಸುವ ಈ ಔಷಧವು ನಾಯಿಯ ಹೃದಯದ ಮಾಂಸವನ್ನೇ ಗಾಯಗೊಳಿಸುವುದೆಂದು ಪ್ರಯೋಗಗಳಿಂದ ತಿಳಿದಿದೆ. ಹಚ್ಚಿಕೊಂಡ ತಲೆಯನ್ನಾಗಲಿ ದಿಂಬನ್ನಾಗಲಿ ನಾಯಿಯು ನೆಕ್ಕದಂತೆ ನೋಡಿಕೊಳ್ಳಬೇಕು.

ರಕ್ತವನ್ನು ತಿಳಿಗೊಳಿಸುವ ಮಾತ್ರೆಗಳು: ಹೃದ್ರೋಗಿಗಳಿಗೆ ಕೊಡುವ ವಾರ್ಫರಿನ್ ಎಂಬ ಔಷಧವು ೧೯೪೮ರಲ್ಲಿ ಇಲಿಪಾಷಾಣವಾಗಿಯೇ ಮೊದಲು ಬಳಕೆಗೆ ಬಂದು, ೧೯೫೪ರಲ್ಲಿ ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆಯಿತು. ನಾಯಿಯು ಇದನ್ನು ತಿಂದರೆ ಕೆಲವು ದಿನಗಳ ತರುವಾಯ ಒಳಗೊಳಗೇ ರಕ್ತಸ್ರಾವವಾಗಬಹುದು. ಆಸ್ಪಿರಿನ್ ನಾಯಿಯ ಜಠರದಲ್ಲಿ ಹುಣ್ಣನ್ನುಂಟುಮಾಡುವುದು.

ಸರ್ಪಗಂಧಿ: ಈ ಬೇರು ರಕ್ತದ ಒತ್ತಡವನ್ನು ಇಳಿಸುವುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ೧೯೩೧ರಲ್ಲಿ ಪ್ರಕಟಿಸಿದರು, ಮುಂಬಯಿಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ಬರೆದ ಲೇಖನದಿಂದ ಅದು ಲೋಕಪ್ರಸಿದ್ಧವಾಯಿತು. ನಾಟಿಮದ್ದೆಂಬ ಮಾತ್ರಕ್ಕೆ ನಿರಪಾಯವೆಂದು ತಿಳಿದು ಇದನ್ನು ನಾಯಿಗೆ ತೇಯ್ದು ಹಾಕತಕ್ಕದ್ದಲ್ಲ. ಇದರಲ್ಲಿಯೂ ಒತ್ತಡವನ್ನು ಕುಸಿಯಮಾಡುವ ಬಲವುಳ್ಳ ಸಾರವಿದೆ.

ಕೂಡಿದ ಮಾತ್ರೆಗಳು, ಕೂಡದ ಮಾತ್ರೆಗಳು

ಈಚೆಗೆ ಎರಡು ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುವುದು ರೂಢಿಯಾಗಿದೆ. ಅಮ್ಲೋಡಿಪಿನ್ ಜೊತೆಗೆ ಅಟೆನಲಾಲ್, ಟೆಲ್ಮಿಸಾರ್ಟನ್ ಜೊತೆಗೆ ಮೂತ್ರವನ್ನು ಹೆಚ್ಚಿಸುವ ಔಷಧ, ಹೀಗೆ. ಮಾತ್ರೆಯ ಹೆಸರಿನ ಮೊದಲ ಪದವನ್ನು ಮಾತ್ರ ಓದಿ ಕೊಟ್ಟರೆ, ಅರಿಯದ ಎರಡನೆಯ ಔಷಧವೂ ನಾಯಿಯ ಹೊಟ್ಟೆಯನ್ನು ಸೇರುವುದು. ಕೆಲವು ಸಿಹಿಯಾದ ದ್ರವೌಷಧಗಳಲ್ಲಿ ಸಕ್ಕರೆಗೆ ಬದಲಾಗಿ ಹಾಕುವ ಜೈಲಿಟಾಲ್ ಎಂಬ ವಸ್ತುವು ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸಿ, ಯಕೃತ್ತನ್ನೂ ಕೆಡಿಸುವುದು.

ವೈದ್ಯರ ಅಪ್ಪಣೆಯ ಮೇರೆಗೆ ಎನಾಲಾಪ್ರಿಲ್, ಫ್ಯೂರೋಸಮೈಡ್‌ಗಳನ್ನು ಪಡೆಯುತ್ತಿರುವ ನಾಯಿಯು ಕುಂಟಿದರೆ, ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಅದಕ್ಕೆ ಕೊಡಕೂಡದು. ಈ ಮೂರೂ ಕೂಡಿದರೆ ಮೂತ್ರಪಿಂಡಕ್ಕೆ ಹೋಗುವ ರಕ್ತವೇ ಕಡಿಮೆಯಾಗಿ ಅದು ನಿಂತುಹೋಗಬಹುದು.

ಮನುಷ್ಯರ ಔಷಧವನ್ನು ಪ್ರಾಣಿಗಳಿಗೆ ವಿಚಾರವಿಲ್ಲದೆ ಕೊಡುವುದರ ಫಲವು ಎಷ್ಟು ದೂರ ಹೋದೀತೆಂಬುದಕ್ಕೆ ಡೈಕ್ಲೊಫೆನಾಕ್ ಒಂದು ನಿದರ್ಶನ. ಈ ನೋವಿನ ಔಷಧವನ್ನು ಪಡೆದು ಸತ್ತ ದನಗಳ ಮಾಂಸವನ್ನು ತಿಂದು ದೇಶದ ರಣಹದ್ದುಗಳು ನಿರ್ವಂಶವಾಗುವ ಸ್ಥಿತಿಗೆ ಬಂದುದರಿಂದ ಸರ್ಕಾರವು ೨೦೦೬ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿತು. ಮನುಷ್ಯರಿಗಾಗಿ ಮಾರುವ ದೊಡ್ಡ ಸೀಸೆಗಳನ್ನು ಪಶುಗಳಿಗೆ ಬಳಸುವುದು ನಿಲ್ಲದಿದ್ದುದರಿಂದ, ೨೦೧೫ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು ೩ ಮಿಲಿಲೀಟರಿಗೆ ಮಿತಗೊಳಿಸಬೇಕಾಯಿತು.

ನಾಯಿಯು ಮಾತ್ರೆಯನ್ನು ತಿಂದುಬಿಟ್ಟರೆ

ದಿಂಬಿನ ಕೆಳಗೆ, ಗೋಡೆಯ ಗೂಡಿನಲ್ಲಿ, ಎಲೆಯಡಿಕೆಯ ಚೀಲದಲ್ಲಿ ಇಟ್ಟ ಮಾತ್ರೆಗಳನ್ನು ಮರಿನಾಯಿಗಳು ಹಾಳೆಯ ಸಮೇತ ಅಗಿದುಬಿಡುವುದುಂಟು. ಆಗ ಮಾಡತಕ್ಕ ಕ್ರಮವು ಹೀಗಿದೆ:

೧. ಮಾತ್ರೆಯ ಹರಿದ ಹಾಳೆಯನ್ನು ಎತ್ತಿಟ್ಟು, ಎಷ್ಟು ಮಾತ್ರೆ ಉಳಿದಿವೆ, ಎಷ್ಟು ಹೋಗಿವೆ ಎಂಬುದನ್ನು ಎಣಿಸಬೇಕು. ಔಷಧದ ಹೆಸರು, ಮಿಲಿಗ್ರಾಂ, ತಿಂದ ಹೊತ್ತು, ನಾಯಿಯ ಅಂದಾಜು ತೂಕ, ಈ ನಾಲ್ಕನ್ನು ವೈದ್ಯರಿಗೆ ತಿಳಿಸಬೇಕು.

೨. ಲಕ್ಷಣಗಳಿಗಾಗಿ ಕಾಯದೆ ಒಡನೆಯೇ ಪಶುಚಿಕಿತ್ಸಾಲಯಕ್ಕೆ ಒಯ್ಯಬೇಕು, ಇಲ್ಲವೆ ಪಶುವೈದ್ಯರಿಗೆ ದೂರವಾಣಿಯ ಮೂಲಕ ತಿಳಿಸಬೇಕು. ಸಂಚಾರಿ ಪಶುಚಿಕಿತ್ಸೆಯ ೧೯೬೨ ಎಂಬ ಸಂಖ್ಯೆಗೆ ಕರೆಮಾಡಿ ಸಲಹೆಯನ್ನು ಕೇಳಬಹುದು.

೩. ಉಪ್ಪುನೀರನ್ನು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಬಿಡಬೇಕು. ಉಪ್ಪೇ ನಾಯಿಗೆ ವಿಷವಾಗಬಹುದು. ತೂರಾಡುತ್ತಿರುವ ಅಥವಾ ಎಚ್ಚರತಪ್ಪಿದ ನಾಯಿಗೆ ಬಾಯಿಂದ ಏನನ್ನೂ ಹಾಕಕೂಡದು; ಅದು ಶ್ವಾಸಕೋಶಕ್ಕೆ ಇಳಿಯುವುದು.

೪. ನಾಯಿಯನ್ನು ಓಡಾಡಿಸದೆ, ನೆರಳಿನಲ್ಲಿ ಶಾಂತವಾಗಿ ಮಲಗಿಸಿ ಸಾಗಿಸಬೇಕು.

ಬೇಗನೆ ತಲಪಿದ ನಾಯಿಗೆ ವೈದ್ಯರು ವಾಂತಿ ಮಾಡಿಸಿ, ಇದ್ದಿಲಿನ ಔಷಧವನ್ನು ಕೊಟ್ಟು, ರಕ್ತನಾಳದ ಮೂಲಕ ದ್ರವವನ್ನೂ, ಅಮ್ಲೋಡಿಪಿನ್ ಬಳಗದ ವಿಷಕ್ಕೆ ಸುಣ್ಣದ ಅಂಶದ ಚುಚ್ಚುಮದ್ದನ್ನೂ ಕೊಟ್ಟು ಉಳಿಸಬಲ್ಲರು. ತಡವಾದಷ್ಟೂ ಈ ಉಪಾಯಗಳು ಕಡಿಮೆಯಾಗುತ್ತವೆ.

ಸಾಕುವವರು ಮಾಡಬಹುದಾದುದು

ಮುದಿನಾಯಿಯ ಹೃದಯದ ಸ್ಥಿತಿಯನ್ನು ತಿಳಿಯಲು ಹಣದ ಖರ್ಚಿಲ್ಲದ ಒಂದು ವಿಧಾನವಿದೆ. ನಾಯಿಯು ಗಾಢವಾಗಿ ನಿದ್ರಿಸುತ್ತಿರುವಾಗ ಅದರ ಎದೆಯು ಒಂದು ನಿಮಿಷದಲ್ಲಿ ಎಷ್ಟು ಬಾರಿ ಏರಿ ಇಳಿಯುವುದೆಂದು ಎಣಿಸಬೇಕು. ಒಂದು ಏರಿಳಿತವು ಒಂದು ಉಸಿರು. ಆರೋಗ್ಯದ ನಾಯಿಯಲ್ಲಿ ಇದು ಸಾಮಾನ್ಯವಾಗಿ ಮೂವತ್ತಕ್ಕಿಂತ ಕಡಿಮೆಯಿರುತ್ತದೆ. ದಿನವೂ ಎಣಿಸಿ ಬರೆದಿಟ್ಟು, ಮೂವತ್ತನ್ನು ಮೀರಿ ಏರುತ್ತ ಹೋದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈ ಬರಹದ ಚೀಟಿಯು ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಕಾಲಕ್ಕೆ ಸರಿಯಾಗಿ ತೋರಿಸಿದ ನಾಯಿಗೆ ಈಗ ಒಳ್ಳೆಯ ಔಷಧಗಳುಂಟು. ಹೃದಯದ ಬಲವನ್ನು ಹೆಚ್ಚಿಸುವ ಪಿಮೋಬೆಂಡಾನ್ ಎಂಬುದನ್ನು, ಕವಾಟವು ಕೆಟ್ಟು ಹೃದಯವು ದೊಡ್ಡದಾಗಿದ್ದರೂ ಇನ್ನೂ ಏದುಸಿರು ಬಂದಿರದ ನಾಯಿಗಳಿಗೆ ಕೊಟ್ಟು ನೋಡಿದ ಪರಿಶೀಲನೆಯ ಫಲವು ೨೦೧೬ರಲ್ಲಿ ಪ್ರಕಟವಾಯಿತು; ಅದರಂತೆ ರೋಗವು ಉಲ್ಬಣಿಸುವುದು ಸುಮಾರು ಹದಿನೈದು ತಿಂಗಳಷ್ಟು ಮುಂದಕ್ಕೆ ಹೋಯಿತು. ನಾಯಿಯ ಆಯುಸ್ಸಿನಲ್ಲಿ ಹದಿನೈದು ತಿಂಗಳೆಂಬುದು ಅಲ್ಪವಲ್ಲ. ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಉಪ್ಪುಮೀನುಗಳಂತಹ ಅತಿ ಉಪ್ಪಿನ ತಿನಿಸನ್ನು ಇಂತಹ ನಾಯಿಗೆ ಹಾಕದಿರುವುದೂ, ಬಿಸಿಲಿನಲ್ಲಿ ಓಡಿಸದಿರುವುದೂ ಹಿತ.

ಗ್ರಾಮದ ಮುಖಂಡರು ಈ ವಿಷಯವನ್ನು ಊರವರಿಗೂ, ಕುರಿಗಾರರಿಗೂ, ಹಟ್ಟಿಯ ಆಳುಗಳಿಗೂ ತಿಳಿಯಹೇಳುವುದು ಉಚಿತ. ಮನೆಯ ಮಾತ್ರೆಗಳನ್ನು ಮುಚ್ಚಳವುಳ್ಳ ಡಬ್ಬಿಯಲ್ಲಿ ಎತ್ತರದ ಜಾಗದಲ್ಲಿ ಇಟ್ಟರೆ ನಾಯಿಗಷ್ಟೇ ಅಲ್ಲದೆ ಮನೆಯ ಚಿಕ್ಕ ಮಕ್ಕಳಿಗೂ ಕ್ಷೇಮ. ನಾಯಿಯ ಔಷಧವನ್ನೂ ಮನುಷ್ಯರ ಔಷಧವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಹೆಸರು ಬರೆದಿರಬೇಕು. ಪಶುವೈದ್ಯರು ಮನುಷ್ಯರ ಔಷಧದಂಗಡಿಯಿಂದಲೇ ಮಾತ್ರೆ ತರಲು ಚೀಟಿ ಬರೆದುಕೊಟ್ಟರೆ ಅದರಲ್ಲಿ ಅಂಜಿಕೆ ಬೇಡ. ಚೀಟಿಯಿಲ್ಲದೆ ಮನೆಯ ಡಬ್ಬಿಯಿಂದ ತೆಗೆದು ಕೊಡುವುದು ಮಾತ್ರ ಬೇಡ.